ನಲವತ್ತೆರಡು ಹೆಸರಿನ ವೇದಿಕೆ

ಆಹ್ವಾನ ಪತ್ರಿಕೆಯಲ್ಲಿ ಹೆಸರು ಹಾಕಿಸುವವರಿಗೆ ಒಂದು ವಿಷಯ ಹೊಳೆಯುವುದೇ ಇಲ್ಲ. ಪ್ರತಿ ಹೆಸರಿಗೂ ಎರಡು ಕಾಲಿರುತ್ತವೆ, ಅರವತ್ತೋ ಎಪ್ಪತ್ತೋ ಕೆ.ಜಿ. ತೂಕವಿರುತ್ತದೆ. ಆ ತೂಕ ಹೊರುವುದು ಪತ್ರಿಕೆಯಲ್ಲ, ನನ್ನ ಹಲಗೆ.

ಮಧುಸೂದನಣ್ಣ ಚಿಕ್ಕಬಳ್ಳಾಪುರದ ನನ್ನ ಶಾಮಿಯಾನ ಅಂಗಡಿಗೆ ಬಂದು ಪತ್ರಿಕೆ ಕೊಟ್ಟಾಗ ನಾನು ದಿನಾಂಕ ನೋಡಲಿಲ್ಲ, ಹೆಸರು ಎಣಿಸಿದೆ. ನಲವತ್ತೆರಡು. ಸ್ಕಂದಗಿರಿ ಬುಡದ ನಮ್ಮೂರ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಶ್ಯಾಮಲಮ್ಮ ಮೇಡಂ ನಿವೃತ್ತರಾಗುತ್ತಿದ್ದರು. ಹಳೆಯ ವಿದ್ಯಾರ್ಥಿಗಳಿಂದ ಶಾಲೆಯ ಬಯಲಲ್ಲಿ ಸನ್ಮಾನ. ನಾನೂ ಅವರ ಕೈಯಲ್ಲೇ ಮಗ್ಗಿ ಕಲಿತವಳು, ಮಧು ಅಣ್ಣನಿಗಿಂತ ಎರಡು ಕ್ಲಾಸು ಹಿಂದೆ. ಪತ್ರಿಕೆಯಲ್ಲಿ ನನ್ನ ಹೆಸರಿರಲಿಲ್ಲ. ಸ್ಟೇಜ್ ಹಾಕುವವರ ಹೆಸರು ಯಾರು ಹಾಕಿಸುತ್ತಾರೆ? ಇರಲಿ ಅಂದುಕೊಂಡೆ. ಸುಳ್ಳೇಕೆ, ಸ್ವಲ್ಪ ಚುರುಕ್ಕೆಂದಿತು.

"ಇಷ್ಟೂ ಜನ ಸ್ಟೇಜ್ ಹತ್ತುತಾರಾ ಅಣ್ಣ?"

"ಹತ್ತದೆ ಇನ್ನೇನಮ್ಮ? ಒಬ್ರನ್ನ ಬಿಟ್ರೂ ನಾಳೆಯಿಂದ ನನ್ ಮುಖ ನೋಡಲ್ಲ."

"ನನ್ ಸ್ಟೇಜ್ ತಡೆಯೋದು ಇಪ್ಪತ್ತು ಜನಾನ."

"ಅಯ್ಯೋ, ಐದು ನಿಮಿಷದ್ ಫೋಟೋ ಕಣಮ್ಮ. ಅಷ್ಟಕ್ಕೇನಾಗತ್ತೆ?"

ಐದು ನಿಮಿಷಕ್ಕೆ ಏನಾಗುತ್ತದೆಂದು ನನಗೆ ಗೊತ್ತು. ಎರಡು ವರ್ಷದ ಹಿಂದೆ ಗೌರಿಬಿದನೂರಿನ ಕಡೆ ಒಂದು ಕಾರ್ಯಕ್ರಮದಲ್ಲಿ ಎಲ್ಲರೂ ಫೋಟೋಗೆಂದು ನುಗ್ಗಿ, ನನ್ನ ಸ್ಟೇಜಿನ ಒಂದು ಕಬ್ಬಿಣದ ಸ್ಟ್ಯಾಂಡು ಬಾಗಿಬಿಟ್ಟಿತು. ಹಿರಿಯರೊಬ್ಬರ ಕಾಲು ಮುರಿಯಿತು. ಅವರ ಕಾಲು ಕೂಡಿಕೊಂಡಿತು, ನನ್ನ ಧೈರ್ಯ ಕೂಡಿಕೊಳ್ಳಲಿಲ್ಲ. ಅಂದಿನಿಂದ ಕಾರ್ಯಕ್ರಮ ಮುಗಿಯುವವರೆಗೂ ನಾನು ಸ್ಟೇಜಿನ ಕೆಳಗೆ ಟಾರ್ಚ್ ಹಿಡಿದು ಕೂರುತ್ತೇನೆ. ಮೇಲಿನ ಭಾಷಣ ನನಗೆ ಬೇಡ, ಹಲಗೆ ಏನನ್ನುತ್ತದೆ ಅಂತ ಕೇಳಬೇಕು. ಹುಚ್ಚು ಅನ್ನಿ. ಮೇಲೆ ಹತ್ತುವುದಂತೂ ಬಿಟ್ಟೇಬಿಟ್ಟೆ.

ಆಗಲ್ಲ ಎಂದು ಕಳಿಸಬಹುದಿತ್ತು. ಕಳಿಸಿದರೆ ಬೇರೆ ಯಾರೋ ತಲೆ ಎಣಿಸದೆ ಹಾಕಿಕೊಡುತ್ತಾರೆ. ಅದರ ಮೇಲೆ ನಿಲ್ಲುವವರು ನಮ್ಮ ಮೇಡಂ.

"ಚಿಂತಾಮಣಿಲಿ ನಿಮ್ ಟೊಮೇಟೊ ಮಂಡಿ ಇದೆಯಲ್ಲ, ಖಾಲಿ ಕ್ರೇಟು ಇನ್ನೂರು ಕಳಿಸ್ತೀರಾ?" ಎಂದೆ.

"ಕ್ರೇಟ್ ಯಾಕೆ?"

"ನಿಮ್ ನಲವತ್ತೆರಡು ಹೆಸ್ರಿಗೆ."

ತುಂಬಿದ ಕ್ರೇಟುಗಳನ್ನು ಎಂಟು ಹತ್ತು ಪೇರಿಸಿದರೂ ತಳದ ಕ್ರೇಟು ಜಗ್ಗದ್ದನ್ನು ಮಂಡಿಯಲ್ಲಿ ನಾನೇ ನೋಡಿದ್ದೆ. ಭಾನುವಾರ ಬೆಳಿಗ್ಗೆ ನಾನೂ, ಅಪ್ಪನ ಕಾಲದಿಂದ ಜೊತೆಗಿರುವ ಎರ್ರಪ್ಪನೂ ಸ್ಟ್ಯಾಂಡುಗಳ ನಡುವೆ ಮೂರು ಮೂರು ಕ್ರೇಟು ಪೇರಿಸಿದೆವು. ಹಲಗೆಗೂ ಕ್ರೇಟಿಗೂ ಉಳಿದ ಸಂದಿಗೆ ಮರದ ತುಂಡು ಬಡಿದೆವು. ನಾನು ತೂರಿ ಹೋಗುವಷ್ಟು ಜಾಗ ಮಾತ್ರ ಬಿಟ್ಟುಕೊಂಡೆ.

"ಏಮೀ ಕಾದು, ಏನೂ ಆಗಲ್ಲ ಬಿಡಮ್ಮಾ. ಆನೆ ನಿಂತ್ರೂ ನಿಲ್ಲತ್ತೆ," ಎಂದ ಎರ್ರಪ್ಪ.

"ಆನೆ ಆದ್ರೆ ಹೇಳಿದ ಮಾತು ಕೇಳತ್ತೆ ಎರ್ರಪ್ಪ. ಇವ್ರು ಕೇಳ್ತಾರಾ?"

ಅದಕ್ಕೇ ಇನ್ನೊಂದು ಉಪಾಯವನ್ನೂ ಮಾಡಿದ್ದೆ. ಮದುವೆಗೆ ಕೊಡುವ ದೊಡ್ಡ ದೊಡ್ಡ ಕುರ್ಚಿ ಎಂಟು ತಂದು ಸ್ಟೇಜಿನ ತುಂಬ ಹಾಕಿದೆ. ಎಂಟೆಂಟು ಜನರನ್ನೇ ಕರೆಯಬೇಕು, ಅವರು ಇಳಿದ ಮೇಲೆ ಮುಂದಿನವರು. ಮಧು ಅಣ್ಣ ತಲೆಯಾಡಿಸಿದ.

ಸಂಜೆ ನಾಲ್ಕಕ್ಕೆ ಪ್ರಾರ್ಥನೆ ಶುರುವಾಗುವ ಮುಂಚೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಪಕ್ಕದ ಪರದೆ ಎತ್ತಿ ಕೆಳಗೆ ನುಗ್ಗಿದೆ. ಹಳೆಯ ಟೊಮೇಟೊ ವಾಸನೆ, ಒಣಹುಲ್ಲು, ಮಣ್ಣು. ಮೊದಲ ಎಂಟು ಜನ ಹತ್ತಿದರು, ಇಳಿದರು. ಎರಡನೆಯ ಎಂಟು ಜನವೂ ಇಳಿದರು. ಅಷ್ಟರಲ್ಲಿ ಮೈಕಿನಲ್ಲಿ ಮೇಡಂ ದನಿ ಕೇಳಿತು, ಕ್ಲಾಸಿನಲ್ಲಿ ಕೇಳುತ್ತಿದ್ದ ಅದೇ ದನಿ.

"ಇದೇನ್ರೋ, ಲಸಿಕೆ ಹಾಕ್ಸೋಕೆ ಬಂದಂಗೆ ಎಂಟೆಂಟು ಜನ? ಆ ಕುರ್ಚಿ ತೆಗೀರಿ. ಎಲ್ರೂ ಮೇಲೆ ಬನ್ನಿ!"

ಕುರ್ಚಿಗಳು ಒಂದೊಂದಾಗಿ ಕೆಳಗಿಳಿದವು. ಮೇಡಂ ಹೇಳಿದ ಮೇಲೆ ಮಧು ಅಣ್ಣ ನನ್ನ ಮಾತು ನೆನೆಸಿಕೊಂಡಾನೇ? ಮೆಟ್ಟಿಲ ಮೇಲೆ ದಡದಡ ಸದ್ದು. ಇಪ್ಪತ್ತರ ಮೇಲೆ ನನಗೆ ಲೆಕ್ಕ ತಪ್ಪಿತು. ಟಾರ್ಚಿನ ಬೆಳಕನ್ನು ಸ್ಟ್ಯಾಂಡಿಂದ ಸ್ಟ್ಯಾಂಡಿಗೆ ಹಾಯಿಸಿದೆ. ನಡುವಿನ ಹಲಗೆ ಕಿರ್ರೆಂದು ಕೂದಲೆಳೆಯಷ್ಟು ಇಳಿಯಿತು. ಕ್ರೇಟುಗಳ ಮೇಲೆ ಭದ್ರವಾಗಿ ಕೂತಿತು. ಅಲ್ಲಿಗೇ ನಿಂತಿತು. ಒಂದೇ ಒಂದು ಸ್ಟ್ಯಾಂಡೂ ಬಾಗಲಿಲ್ಲ. ಅಮ್ಮಾ ಎಂದು ನಾನು ಮಣ್ಣಿನ ಮೇಲೇ ಕಾಲು ಚಾಚಿದೆ.

"ಎಲ್ಲಿ, ಕವಿತ ಎಲ್ಲಿ?" ತಲೆಯ ಮೇಲೆಯೇ ಮೇಡಂ ದನಿ. "ಹದಿನಾರರ ಮಗ್ಗಿಗೆ ಅಳ್ತಾ ಕೂತಿದ್ಲಲ್ಲ, ಅವಳು. ಅವಳಿಲ್ದೆ ಫೋಟೋ ತೆಗೆಯೋ ಹಂಗಿಲ್ಲ."

ಕ್ರೇಟಿನ ಮರೆಯಲ್ಲೇ ಅಡಗಿಬಿಡೋಣ ಅನಿಸಿತು. ಆದರೆ ಎರ್ರಪ್ಪ ಪರದೆ ಎತ್ತಿ ಹಿಡಿದು ಹಲ್ಲು ಕಿರಿಯುತ್ತಿದ್ದ. ತಲೆಯಲ್ಲಿ ಹುಲ್ಲು, ಸೀರೆಯೆಲ್ಲ ಮಣ್ಣು, ಹಾಗೇ ಹೊರಗೆ ಬಂದೆ. ಜನ ಚಪ್ಪಾಳೆ ಹೊಡೆದರು. ಕೊನೆಯ ಮೆಟ್ಟಿಲ ಮೇಲೆ ಕಾಲು ಮುಂದಕ್ಕೆ ಬರಲೇ ಇಲ್ಲ. ನಾನೇ ಬಡಿದ ಹಲಗೆ, ನನಗೇ ಭಯ. ಮೇಡಂ ಮುಂದೆ ಬಂದು ಕೈ ಹಿಡಿದು ಎಳೆದುಕೊಂಡರು. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು.

"ಬೆಳಿಗ್ಗೆಯಿಂದ ನಂಗೂ ಭಯ ಕಣೇ. ಗೌರಿಬಿದನೂರಿನ ವಿಷ್ಯ ಗೊತ್ತಿತ್ತಲ್ಲ. ನೀನು ಪರದೆ ಎತ್ತಿ ಕೆಳಗೆ ಹೋಗಿದ್ದು ನೋಡ್ದೆ. ಇವಳೇ ಕೆಳಗೆ ಕೂತ್ಮೇಲೆ ಇನ್ನೇನು ಅಂತ ಧೈರ್ಯವಾಗಿ ಎಲ್ರನ್ನೂ ಕರೆದೆ."

ಎರಡು ವರ್ಷದಿಂದ ಬಿಗಿಹಿಡಿದಿದ್ದ ಉಸಿರು ಆಗ ಹೊರಬಂತು, ಅದರ ಜೊತೆಗೆ ಅಳುವೂ. ಮೇಡಂ ನನ್ನ ತಲೆಯ ಹುಲ್ಲು ತೆಗೆಯುತ್ತಿದ್ದರು.

"ಹಿಂದೆ ಇರೋರು ಸ್ವಲ್ಪ ಮುಂದೆ ಬನ್ನಿ," ಎಂದು ಫೋಟೋದವನು ಕೂಗಿದ.

ನಲವತ್ತನಾಲ್ಕು ಜನ ಒಟ್ಟಿಗೆ ಮುಂದೆ ಸರಿದೆವು. ನಾನು ಕೆಳಗೆ ನೋಡಲಿಲ್ಲ.