ಮೈಕಿಗೆ ಜಾಗವಿಲ್ಲದ ಉಡುಪು

ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ರೇಡಿಯೋ ಅಂತ. ಹಲ್ಲುಜ್ಜುವಾಗಲೂ ಬಾಯಿಗೆ ಬಿಡುವು ಕೊಡದ ಹುಡುಗಿ. ಅಂಥವಳಿಗೆ ಸಿನಿಮಾದಲ್ಲಿ ಮೂರು ಸಾಲಿನ ಮಾತು ಸಿಕ್ಕಿದೆ ಎಂದರೆ ಕೇಳಬೇಕೆ? ಬಸ್ಸು, ಲಿಫ್ಟು, ಸ್ನಾನದ ಮನೆ, ಎಲ್ಲ ಕಡೆ ಅದೇ ಪಾರಾಯಣ.

ರೆಕ್ಕೆಯ ಹುಲಿ, ತೇಲುವ ಕೋಟೆ ಇರುವ, ಬಿಳಿಯರ ಕಂಪನಿ ತೆಗೆಯುತ್ತಿದ್ದ ಮಾಯಾಲೋಕದ ಚಿತ್ರ ಅದು. ಅದರಲ್ಲಿ ಅವಳು 'ಏಷ್ಯಾದ ಮಾಯಗಾತಿ'. ರಾಜಕುಮಾರನಿಗೆ ದಾರಿ ತೋರಿಸಿ, ಅವನಿಗೆ ಬಂದ ಬಾಣಕ್ಕೆ ಎದೆಯೊಡ್ಡಿ ಸಾಯುವವಳು. ಇಂಥ ಚಿತ್ರಗಳಲ್ಲಿ ಈ ಮೊದಲು ಒಮ್ಮೆ ಹಾವಾಗಿದ್ದಳು, ಒಮ್ಮೆ ಬೀಸಣಿಗೆಯ ಹಿಂದಿನ ಎರಡು ಕಣ್ಣಾಗಿದ್ದಳು. ಈ ಸಲ ಸಾಯುವ ಮುಂಚೆ ಮಾತಿತ್ತು: "ನಾನು ನಿನಗಾಗಿ ಬರಲಿಲ್ಲ. ಈ ಕೋಟೆ ನನ್ನ ಅಜ್ಜಿ ಕಟ್ಟಿದ್ದು. ನಾನು ನನ್ನ ಮನೆಗೆ ಬಂದೆ, ಅಷ್ಟೇ."

ಉಡುಪಿನ ಕೋಣೆಯಲ್ಲಿ ಹೊಲಿಗೆಯ ಕೆಲಸ ಅವಳ ಚಿಕ್ಕಮ್ಮನದೇ. ಅಲ್ಲಿ ಒಂದು ಪದ್ಧತಿ. ಮಾತಿರುವವರ ಉಡುಪಿಗೆ ಎದೆಯ ಒಳಗಡೆ ಮೈಕು ಇಡಲು ಪುಟ್ಟ ಚೀಲ ಹೊಲಿಯುತ್ತಾರೆ. ಮಾತಿಲ್ಲದವರಿಗೆ ಇಲ್ಲ. ರೇಡಿಯೋ ತೊಡೆಯವರೆಗೆ ಸೀಳಿದ್ದ ರೇಷ್ಮೆ ಉಡುಪನ್ನು ತೊಟ್ಟು, ಒಳಗೆ ಕೈ ಹಾಕಿ ತಡಕಾಡಿದಳು.

"ಚಿಕ್ಕಮ್ಮಾ, ಚೀಲ ಮರೆತ್ಯಾ?"

ಚಿಕ್ಕಮ್ಮ ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದಳು. "ಮರೆಯೋಕೆ ನಂಗೇನು ಅರಳುಮರಳಾ? ಬೇಡ ಅಂದ್ರು ಕಣೇ."

ರೇಡಿಯೋ ಚಪ್ಪಲಿಯನ್ನೂ ಹಾಕದೆ ನಿರ್ದೇಶಕನ ಬಳಿ ಓಡಿದಳು.

"ನನ್ನ ಮಾತು ತೆಗೆದ್ರಾ ಸಾರ್?"

"ತೆಗೆದಿಲ್ಲಮ್ಮ, ಮೌನ ಕೊಟ್ಟಿದ್ದೀನಿ. ನಿಮ್ಮ ಏಷ್ಯಾ ಕಡೆ ಹೆಣ್ಣುಮಕ್ಕಳಿಗೆ ಕಣ್ಣೇ ಸಾಕಲ್ವಾ? ಬಾಯಿ ತೆಗೆದ್ರೆ ಆ ನಿಗೂಢ ಇದೆಯಲ್ಲ, ಅದು ಹೋಗ್ಬಿಡುತ್ತೆ."

"ನಮ್ಮ ಕಡೆಯವರು ಬಾಯಿ ತೆಗೆದ್ರೆ ಮುಚ್ಚೋದೇ ಇಲ್ಲ ಸಾರ್. ಬೇಕಾದ್ರೆ ನಮ್ಮಮ್ಮಂಗೆ ಒಂದು ಫೋನ್ ಹಾಕಿ ನೋಡಿ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಚೆನ್ನಾಗಿದೆ, ಚೆನ್ನಾಗಿದೆ. ಹೋಗು, ಉಗುರು ಅಂಟಿಸ್ಕೊಂಡು ಬಾ."

ಮುಖ ಊದಿಸಿಕೊಂಡು ಬಂದವಳನ್ನು ಕಂಡು ಚಿಕ್ಕಮ್ಮ ಕತ್ತರಿ ಎತ್ತಿಕೊಂಡಳು. ಬಟ್ಟೆಯ ಚೂರೊಂದನ್ನು ಕತ್ತರಿಸಿದಳು.

"ಬಿಚ್ಚು."

"ನಿನ್ನ ಕೆಲಸಕ್ಕೆ ಸಂಚಕಾರ ಬರುತ್ತೆ ಚಿಕ್ಕಮ್ಮ."

"ಇಷ್ಟು ವರ್ಷದಲ್ಲಿ ನಮ್ಮ ಹುಡುಗೀರಿಗೆ ಎಷ್ಟು ಸೀಳು ಹೊಲಿದಿಲ್ಲ ನಾನು! ಒಂದು ಚೀಲ ಹೊಲಿದ್ರೆ ಏನು ಪ್ರಳಯ ಆಗುತ್ತೆ? ಬಿಚ್ಚೇ ಸುಮ್ನೆ."

ಸೆಟ್ಟಿನಲ್ಲಿ ಧ್ವನಿಯವನು ಪ್ರತಿಯೊಬ್ಬರ ಎದೆಯ ಬಳಿ ಬೆರಳಾಡಿಸುತ್ತ ಬಂದ. ಚೀಲ ಸಿಕ್ಕಿತು, ಮೈಕು ಇಟ್ಟ, ಮುಂದೆ ಹೋದ. ಚೀಲವಿದ್ದರೆ ಮಾತಿದೆ ಎಂದೇ ಅವನ ಲೆಕ್ಕ.

ಬಾಣ ಬಂತು. ರೇಡಿಯೋ ಬಿದ್ದಳು. ಕಣ್ಣು ಮುಚ್ಚಬೇಕಾದ ಹೊತ್ತಿಗೆ ರಾಜಕುಮಾರನ ಮುಖ ನೋಡಿ ಮೂರೂ ಸಾಲು ಹೇಳಿಬಿಟ್ಟಳು. ಬೆಳಕು ಹಿಡಿದವರು, ಚಹಾ ಕೊಡುವವರು ಎಲ್ಲ ನಿಂತಲ್ಲೇ ನಿಂತರು. ನಿರ್ದೇಶಕ ಕುರ್ಚಿಯಿಂದ ಎದ್ದ.

"ಅಬ್ಬಾ! ಮೈ ಜುಮ್ಮಂತು!"

ರೇಡಿಯೋ ಕುತ್ತಿಗೆ ಎತ್ತಿದಳು. ಅವನು ನೋಡುತ್ತಿದ್ದದ್ದು ರಾಜಕುಮಾರನನ್ನು.

"ಕೇಳಿಸ್ಕೊಂಡ್ಯಾ? ಇದು ನಿನ್ನ ಬಾಯಲ್ಲಿ ಬರ್ಬೇಕು ಕಣಯ್ಯ. ಅವಳು ಸತ್ತಿರ್ತಾಳೆ, ನೀನು ಅವಳ ತಲೆ ತೊಡೆ ಮೇಲೆ ಇಟ್ಕೊಂಡು ಹೇಳ್ತೀಯ. 'ಇವಳು ನನಗಾಗಿ ಬಂದಳು. ಈ ಕೋಟೆ ನನ್ನ ಅಜ್ಜ ಕಟ್ಟಿದ್ದು. ನಾನು ನನ್ನ ಮನೆಗೆ ಬಂದೆ.' ಹೆಂಗಿದೆ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಧ್ವನಿಯವನು ಬಂದು ಅವಳ ಮೈಕು ಕಿತ್ತುಕೊಂಡ, ಬೈಸಿಕೊಂಡ ಮುಖ ಹೊತ್ತು. ರಾಜಕುಮಾರ ಕೆಟ್ಟವನಲ್ಲ. "ಸಾರಿ ಕಣ್ರೀ," ಎಂದ ಮೆಲ್ಲಗೆ. "ನೀವು ಅದು ಎಲ್ಲಿ ತಡೆದು ಹೇಳಿದ್ರಿ? ನಂಗೆ ಆ ಹದ ಬರ್ತಿಲ್ಲ."

"'ಮನೆಗೆ' ಅನ್ನೋ ಮುಂಚೆ ಉಸಿರು ತಗೊಳ್ಳಿ," ಎಂದಳು. ಯಾಕೆ ಹೇಳಿಕೊಟ್ಟೆನೋ ಎಂದು ಆಗಲೇ ನಾಲಿಗೆ ಕಚ್ಚಿಕೊಂಡಳು.

ಮತ್ತೆ ಸತ್ತಳು. ಸತ್ತವಳ ಹುಬ್ಬು ಗಂಟಾಗಿದೆ ಎಂದು ಬೈದರು. ಹುಬ್ಬು ಸಡಿಲಿಸಿ ಮತ್ತೆ ಸತ್ತಳು. ಈ ಸಲ ರಾಜಕುಮಾರ ಅವಳ ತಲೆ ಸವರುತ್ತ, ಕಣ್ಣಲ್ಲಿ ನೀರು ತಂದುಕೊಂಡು, ಎರಡನೆಯ ಸಾಲು ಮುಗಿಸಿ, ಮುಂದಿನದನ್ನು ಮರೆತ. ಇನ್ನೊಂದು ಸಲ ಸಾಯುವ ತ್ರಾಣ ಅವಳಿಗಿರಲಿಲ್ಲ. ತುಟಿ ಅಲುಗಿಸದೆ, ಉಸಿರಿನಲ್ಲೇ, "ನಾನು ನನ್ನ ಮನೆಗೆ" ಎಂದಳು. ಅವನು ಆ ಎಳೆ ಹಿಡಿದುಕೊಂಡ. ಅಮೋಘವಾಗಿ ಹೇಳಿದ.

"ಓಕೆ!" ಎಂದ ನಿರ್ದೇಶಕ.

ಧ್ವನಿಯವನು ಹೆಡ್‌ಫೋನು ಒತ್ತಿಕೊಂಡು ಮತ್ತೊಮ್ಮೆ ಕೇಳಿದ. "ಸಾರ್, ಮಧ್ಯದಲ್ಲಿ ಹಿಂದೆ ಏನೋ ಗುಸುಗುಸು ಇದೆ."

"ಅಳಿಸಿ ಹಾಕು," ಎಂದ ನಿರ್ದೇಶಕ. "ಊಟಕ್ಕೆ ಬಿಡ್ರಪ್ಪಾ."