ಅತ್ತೆಯ ಕೊಕ್ಕರೆ, ಗಂಡನ ಕೊಕ್ಕರೆ

ನಮ್ಮ ಅತ್ತೆ ವೇಲಿಕಾ ಈ ಸಲ ಮಾರ್ಚ್ ಅರ್ಧಕ್ಕೆ ಬಂದದ್ದೇ ತಡ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಂಗಳಕ್ಕೆ ಇಳಿಯತೊಡಗಿದರು. ಹುಚ್ಚಲ್ಲ, ಕಣ್ಣುಬೇನೆಯೂ ಅಲ್ಲ. ನಮ್ಮ ಮನೆ ಎದುರಿನ ಕರೆಂಟು ಕಂಬದ ಮೇಲೆ ಕೊಕ್ಕರೆಯ ಗೂಡಿದೆ, ಚಳಿಗೆ ದೂರ ಹೋದ ಹಕ್ಕಿ ಅದಕ್ಕೆ ಮರಳುವುದು ಈ ದಿನಗಳಲ್ಲೇ. ವರ್ಷದ ಮೊದಲ ಕೊಕ್ಕರೆ ಹಾರುವಾಗ ಕಣ್ಣಿಗೆ ಬಿದ್ದರೆ ವರ್ಷವಿಡೀ ಕೈಕಾಲು ಗಟ್ಟಿ, ನಿಂತಿರುವಾಗ ಬಿದ್ದರೆ ಆ ವರ್ಷ ಹಾಸಿಗೆಯೇ ಗತಿ. ಇದು ನಮ್ಮೂರಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಹೋದ ವರ್ಷ ಅತ್ತೆ ಬೆಳಿಗ್ಗೆ ಕಿಟಕಿ ತೆರೆದವರೇ ನಿಂತ ಕೊಕ್ಕರೆಯನ್ನು ನೋಡಿಬಿಟ್ಟರು. ಅದೇ ವಾರ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಸೆಪ್ಟೆಂಬರಿನ ದ್ರಾಕ್ಷಿ ಕೊಯ್ಲು ಮುಗಿಯುವ ತನಕ ಅವರ ಸ್ನಾನ, ಊಟ, ಮುನಿಸು ಎಲ್ಲ ನನ್ನ ಪಾಲಿಗೆ ಬಂತು.

"ಇನ್ನೊಂದು ವರ್ಷ ಮಲಗಿದ್ರೆ ಆಮೇಲೆ ನಾನು ಏಳಲ್ಲ ಕಣೇ ಯಾನಾ," ಎಂದರು, ಮಾರ್ಚ್ ಒಂದನೇ ತಾರೀಕು ನಾನು ಅವರ ಮಣಿಕಟ್ಟಿಗೆ ಕೆಂಪು-ಬಿಳಿ ದಾರ ಕಟ್ಟುತ್ತಿದ್ದಾಗ. ಕೊಕ್ಕರೆ ಕಾಣುವ ತನಕ ಆ ದಾರ ಬಿಚ್ಚುವ ಹಾಗಿಲ್ಲ, ಕಂಡ ಮೇಲೆ ಹೂಬಿಟ್ಟ ಗಿಡಕ್ಕೆ ಕಟ್ಟಬೇಕು. ಅವರಿಗೆ ಭಯವಾಗಿತ್ತು, ಅದನ್ನು ನೋಡಿ ನನಗೂ ಭಯವಾಯಿತು.

ನನ್ನ ಗಂಡ ಪ್ಲಾಮೆನ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಅವನು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಉಳಿದ ಹೊತ್ತೆಲ್ಲ ಕ್ಯಾಮೆರಾ. ಜಿಲ್ಲೆಯ ವಸ್ತುಸಂಗ್ರಹಾಲಯದವರು ವರ್ಷಾ ವರ್ಷಾ 'ಚಳಿಗಾಲದಿಂದ ವಸಂತಕ್ಕೆ' ಅಂತ ಫೋಟೊ ಸ್ಪರ್ಧೆ ಇಡುತ್ತಾರೆ. ಅದರಲ್ಲಿ ಸಮಾಧಾನಕರ ಬಹುಮಾನ ತಂದೂ ತಂದೂ ಅವನಿಗೆ ಇದ್ದ ಸಮಾಧಾನವೂ ಹೋಗಿತ್ತು. ಹಿಮದಿಂದ ತಲೆಯೆತ್ತಿದ ಒಂದು ಹೂವಿನ ಚಿತ್ರಕ್ಕಾಗಿ ಹೊಟ್ಟೆಯ ಮೇಲೆ ತೆವಳಿ, ಸುತ್ತಲಿನ ಹೂವನ್ನೆಲ್ಲ ಅಪ್ಪಚ್ಚಿ ಮಾಡಿ ಬಂದು, "ಪ್ರಕೃತೀನ ಮುಟ್ಟಬಾರದು, ಬರೀ ನೋಡಬೇಕು" ಎಂದು ನನಗೆ ಪಾಠ ಹೇಳುವ ಮಹರಾಯ. ಈ ವರ್ಷ ಅವನ ತಲೆಯಲ್ಲಿ ಒಂದೇ ಚಿತ್ರ. ಹಿಮ ತುಂಬಿದ ಗೂಡಿನಲ್ಲಿ ಆಗಷ್ಟೇ ಬಂದಿಳಿದ ಕೊಕ್ಕರೆ ಒಂಟಿಕಾಲಿನಲ್ಲಿ ಅಲ್ಲಾಡದೆ ನಿಂತಿರಬೇಕು. ಅದಕ್ಕಾಗಿ ಕೋಳಿಮನೆಯ ಕಿಟಕಿಗೆ ಕ್ಯಾಮೆರಾ ಹೂಡಿ, ಶಾಲೆ ಬಿಟ್ಟ ಮೇಲೆ ಕೋಳಿಗಳ ಜೊತೆಗೇ ಸಂಸಾರ ಮಾಡತೊಡಗಿದ.

ಊಟಕ್ಕೆ ಕೂತಾಗ ದಿನಾ ಇದೇ ವ್ಯಾಜ್ಯ.

"ಕೊಕ್ಕರೆ ಬಂದ ತಕ್ಷಣ ಪಾತ್ರೆ ಬಡೀರಿ. ಅದು ಹಾರಿದ್ಮೇಲೆ ಕೂಗಿ, ನಾನು ಕಟ್ಟು ಬಿಚ್ತೀನಿ," ಎನ್ನುವರು ಅತ್ತೆ.

"ಅಮ್ಮಾ, ನಿನ್ನ ಸೊಂಟ ಮುರಿದಿದ್ದು ಕೊಕ್ಕರೆಯಿಂದಲ್ಲ, ಸವೆದ ಚಪ್ಪಲಿಯಿಂದ."

"ನಿನಗೇನು ಗೊತ್ತು. ನೀನು ಭೂಗೋಳ ಓದಿದವನು."

"ಗಲಾಟೆಗೆ ಅದು ಗೂಡನ್ನೇ ಬಿಟ್ಟು ಹೋದ್ರೆ?"

"ಹೆತ್ತ ತಾಯಿ ಹಾಸಿಗೆ ಹಿಡಿದ್ರೆ?"

ಕೊನೆಗೆ ನಾನೇ ಪಂಚಾಯಿತಿ ಮಾಡಿದೆ. ಮೊದಲು ಅವನು ಒಂದು ಫೋಟೊ ತೆಗೆಯುವುದು, ಆಮೇಲೆ ನಾನು ಬಾಣಲೆ ಬಡಿಯುವುದು. ಇಬ್ಬರೂ ಗೊಣಗಿಕೊಂಡೇ ಒಪ್ಪಿದರು.

ಅತ್ತೆ ಬಟ್ಟೆ ಒಣಹಾಕುವ ಹಗ್ಗ ಹಿಡಿದು ತಡಕಾಡುತ್ತ ಕೋಳಿಮೊಟ್ಟೆ ತರಲು ಹೋಗುವಾಗ ಪಕ್ಕದ ಮನೆಯ ಗಂಚೊ ಬೇಲಿಯ ಮೇಲೆ ಮೊಣಕೈ ಊರಿ ನಿಂತಿರುತ್ತಿದ್ದ.

"ವೇಲಿಕಾ, ಕಣ್ಣಾಮುಚ್ಚಾಲೆನಾ? ಇಲ್ಲಿದ್ದೀನಿ, ಹಿಡಿ ನೋಡೋಣ."

"ವಯಸ್ಸಿದ್ದಾಗಲೇ ಹಿಡೀಲಿಲ್ಲ, ಈಗ ನಿನ್ನ ಹಿಡಿದು ಉಪ್ಪಿನಕಾಯಿ ಹಾಕ್ಲಾ?"

ಪ್ಲಮ್ ಗಿಡದಲ್ಲಿ ಮೊಗ್ಗು ಬಿರಿದ ಮೇಲೆ ಕಥೆಗಳಲ್ಲಿ ಬರುವ ಮಾರ್ತಾ ಅಜ್ಜಿಗೆ ಮತ್ತೆ ಸಿಟ್ಟು ಬಂತು. ಮಾರ್ಚ್ ತಿಂಗಳ ಹವೆಯೆಲ್ಲ ಆ ಮುದುಕಿಯ ಕೈಯಲ್ಲೇ ತಾನೇ ಇರುವುದು. ಬೆಳಗಾಗುವಷ್ಟರಲ್ಲಿ ಹೂವಿನ ಮೇಲೆಲ್ಲ ಹಿಮ. ಭಾನುವಾರ ಬೇರೆ. ತಿಂಡಿಯ ಹೊತ್ತಿಗೆ ಕಂಬದ ಮೇಲಿಂದ ಕೊಕ್ಕು ತಟ್ಟುವ ಸದ್ದು ಕೇಳಿಸಿತು. ಪ್ಲಾಮೆನ್ ಬಾಯಲ್ಲಿದ್ದ ಚೀಸ್ ತುಂಬಿದ ಬಾನಿತ್ಸಾ ನುಂಗದೆ ಕೋಳಿಮನೆಗೆ ಓಡಿದ. ಅತ್ತೆ ಕಣ್ಣು ಕಟ್ಟಿಕೊಂಡು ಅಂಗಳಕ್ಕೆ ಬಂದು ಹಗ್ಗ ಹಿಡಿದು ನಿಂತರು. ನಾನು ಬಾಣಲೆ ಎತ್ತಿಕೊಂಡೆ.

ಕ್ಯಾಮೆರಾ ಕ್ಲಿಕ್ ಎಂದಿತು. ನಾನು ಸೌಟು ಎತ್ತಿದೆ.

"ತಾಳು, ತಾಳು," ಎಂದು ಕೋಳಿಮನೆಯಿಂದ ಪಿಸುಗುಟ್ಟಿದ. "ಇನ್ನೂ ಎರಡು ಕಾಲಲ್ಲಿ ನಿಂತಿದೆ."

ತಾಳಿದೆ. ಹಕ್ಕಿ ಪುಕ್ಕ ಕೊಡವಿಕೊಂಡಿತು, ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಕಾಲು ಮಾತ್ರ ಎತ್ತಲಿಲ್ಲ.

"ಬಂತಲ್ಲ? ಬಡಿಯೇ ಮತ್ತೆ," ಎಂದರು ಅತ್ತೆ. ಅವರ ಚಪ್ಪಲಿಯೊಳಗೆ ಹಿಮ ಕರಗಿ ಕಾಲುಚೀಲ ಒದ್ದೆಯಾಗಿತ್ತು. ಮುರಿದು ಕೂಡಿದ ಸೊಂಟ ಹೊತ್ತು ಆ ಮುದುಕಿ ಚಳಿಯಲ್ಲಿ ನಿಂತಿರುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಬಾರಿಸಿದೆ ಬಾಣಲೆ.

ಕೊಕ್ಕರೆ ಕತ್ತು ತಿರುಗಿಸಿ ನನ್ನನ್ನು ನೋಡಿತು, ಅಷ್ಟೇ. ಟ್ರ್ಯಾಕ್ಟರು, ಇಗರ್ಜಿಯ ಗಂಟೆ, ಗಂಚೊನ ರೇಡಿಯೊ, ಇವುಗಳ ನಡುವೆ ಹುಟ್ಟಿ ಬೆಳೆದ ಹಕ್ಕಿಗೆ ನನ್ನ ಬಾಣಲೆ ಯಾವ ಲೆಕ್ಕ? ಗಂಚೊ ಬಕೆಟ್ಟು ತಂದ, ಅವನ ಹೆಂಡತಿ ಎರಡು ಮುಚ್ಚಳ ತಂದಳು. ಊರು ಎದ್ದು ಕೂರುವಂತೆ ಬಡಿದೆವು. ಕೊಕ್ಕರೆ ಕತ್ತು ಹಿಂದಕ್ಕೆ ಬಾಗಿಸಿ ನಮಗಿಂತ ಜೋರಾಗಿ ಕೊಕ್ಕು ತಟ್ಟಿ ಮೇಳಕ್ಕೆ ಸೇರಿಕೊಂಡಿತು. ಗಂಚೊ ಬಕೆಟ್ಟು ಬಿಸಾಕಿ ಹಿಮದ ಉಂಡೆ ಕಟ್ಟತೊಡಗಿದ.

ಆಗ ಕೋಳಿಮನೆಯಿಂದ ಕೂಗು ಬಂತು. "ಅಮ್ಮಾ, ಹಾರ್ತಿದೆ, ಬಿಚ್ಚು! ಬೇಗ ಬಿಚ್ಚು!"

ನಮ್ಮ ಕೈಗಳು ಅಲ್ಲಲ್ಲೇ ನಿಂತವು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಟ್ಟು ಬಿಚ್ಚಿಯಾಗಿತ್ತು.

ಗದ್ದಲ ನಿಂತದ್ದಕ್ಕೆ ಹಕ್ಕಿಗೂ ನೆಮ್ಮದಿಯಾಗಿರಬೇಕು, ಮೆಲ್ಲಗೆ ಒಂದು ಕಾಲನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡು ಅಲ್ಲಾಡದೆ ನಿಂತಿತು. ಕೋಳಿಮನೆಯಿಂದ ಕ್ಲಿಕ್, ಕ್ಲಿಕ್, ಕ್ಲಿಕ್. ಅತ್ತೆ ಹಕ್ಕಿಯನ್ನು ನೋಡಿದರು. ಆಮೇಲೆ ಕೋಳಿಮನೆಯ ಕಿಟಕಿ ನೋಡಿದರು. ಅಲ್ಲಿ ಕ್ಯಾಮೆರಾದ ಗಾಜು ಬಿಟ್ಟರೆ ಮಗನ ಮುಖ ಕಾಣುತ್ತಿರಲಿಲ್ಲ. ಗಂಚೊ ಟೋಪಿ ತೆಗೆದ.

"ಹೌದು," ಎಂದರು ಅತ್ತೆ. "ಹಾರ್ತಿದೆ."

ನಾನು ಹಿಡಿಯಲು ಹೋದ ಕೈಯನ್ನು ಕೊಡವಿ, ಒಬ್ಬರೇ ಹೋಗಿ, ಹಲ್ಲಿನಿಂದ ದಾರ ಬಿಚ್ಚಿ ಪ್ಲಮ್ ಗಿಡದ ಕೊಂಬೆಗೆ ಕಟ್ಟಿದರು.

ನಾನು ನೇರ ಕೋಳಿಮನೆಗೆ ನುಗ್ಗಿದೆ. "ನೀನು ಮನುಷ್ಯನಾ?"

"ಸದ್ದು ನಿಲ್ಲಬೇಕಿತ್ತು ಯಾನಾ, ಉಂಡೆ ಹೊಡೆದಿದ್ರೆ ಎಲ್ಲಾ ಹೋಗ್ತಿತ್ತು. ಅಷ್ಟಕ್ಕೂ ಅಮ್ಮನಿಗೆ ಏನಾಯ್ತು? ಹಾರ್ತಿದೆ ಅಂತ ಅವಳೇ ಅಂದ್ಲಲ್ಲ. ವಯಸ್ಸಾಯ್ತು, ದೂರದ್ದು ಕಾಣಲ್ಲ."

ಸೂಜಿಗೆ ದಾರ ಪೋಣಿಸಲು, ಬೆಟ್ಟದ ಮೇಲಿನ ಆಡು ಯಾರದೆಂದು ಹೇಳಲು ಅತ್ತೆಗೆ ಇಂದಿಗೂ ಕನ್ನಡಕ ಬೇಡ. ಅದು ಅವನಿಗೂ ಗೊತ್ತು.

ಲೆಕ್ಕದ ಪ್ರಕಾರ ಅತ್ತೆ ಮಲಗಬೇಕಿತ್ತು. ನಾನು ಹಾಸಿಗೆ ಸಿದ್ಧಮಾಡಿಟ್ಟು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಹಿಮ ಕರಗಿದ್ದೇ ಗುದ್ದಲಿ ಹಿಡಿದು ಈರುಳ್ಳಿ ಪಾತಿ ಮಾಡಲು ಹೊರಟರು. ಹಾಸಿಗೆ ಬೇಕಾದದ್ದು ಪ್ಲಾಮೆನ್‌ಗೆ. ಅಷ್ಟು ದಿನ ಕೋಳಿಮನೆಯ ಥಂಡಿಯಲ್ಲಿ ಮುದುರಿ ಕೂತವನು ಕ್ಯಾಮೆರಾದ ಪೆಟ್ಟಿಗೆ ಎತ್ತಲು ಬಗ್ಗಿದ, ಬೆನ್ನು ಹಿಡಿಯಿತು, ಬಗ್ಗಿದವನು ಮೇಲೇಳಲಿಲ್ಲ. ಗಂಚೊ ಮತ್ತು ನಾನು ಸೇರಿ ಕೋಳಿಗಳ ನಡುವಿನಿಂದ ಹೊತ್ತು ತಂದೆವು. ಬೆಳಗಿನಿಂದ ನಿಂತ ಕೊಕ್ಕರೆಯನ್ನೇ ಗಾಜಿನೊಳಗಿಂದ ದೊಡ್ಡದು ಮಾಡಿ ನೋಡಿದವನು ಅವನೇ ತಾನೇ. ನಾನೂ ನೋಡಿದ್ದೆ ಅನ್ನಿ. ಆದರೆ ಸೊಸೆಯಾದವಳನ್ನು ಮಲಗಿಸಲು ಒಂದು ಕೊಕ್ಕರೆ ಸಾಲದು.

ಚಿತ್ರಕ್ಕೆ ಮೊದಲ ಬಹುಮಾನ ಬಂತು. ಅವನು ಮಗ್ಗುಲು ಕೂಡ ಬದಲಿಸುವಂತಿರಲಿಲ್ಲ, ಹಾಗಾಗಿ ಬಹುಮಾನ ತರಲು ಅತ್ತೆ ಹೊರಟರು, ಹೊಸ ಶೂ ಹಾಕಿಕೊಂಡು, ನನ್ನ ಜೊತೆ ಬಸ್ಸಿನಲ್ಲಿ. ವಸ್ತುಸಂಗ್ರಹಾಲಯದ ಮೆಟ್ಟಿಲನ್ನು ನನಗಿಂತ ಮುಂಚೆ ಹತ್ತಿದರು. ಟೈ ಕಟ್ಟಿದ ಒಬ್ಬರು, ಪ್ರಕೃತಿಗೆ ಎಳ್ಳಷ್ಟೂ ತೊಂದರೆ ಕೊಡದೆ ಮೌನದಲ್ಲಿ ಕಾದು ತೆಗೆದ ಚಿತ್ರವಿದು ಎಂದು ಭಾಷಣ ಮಾಡಿದರು. ನನಗೆ ಕೆಮ್ಮು ಬಂತು. ಅತ್ತೆ ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು.

ಮನೆಗೆ ಬಂದಾಗ ಪ್ಲಾಮೆನ್ ಅಂಗಾತ ಮಲಗಿದ್ದ, ಕಣ್ಣಲ್ಲಿ ಮಾತ್ರ ಹೊಳಪು. ಅತ್ತೆ ಕೋಟು ಬಿಚ್ಚದೆ ಕೋಳಿಸೂಪು ಬಿಸಿಮಾಡಿ ತಂದು ಅವನ ಪಕ್ಕ ಕೂತರು.

"ಅಮ್ಮಾ, ಹೇಗಿತ್ತು? ದೊಡ್ಡದಾಗಿ ಹಾಕಿದ್ರಾ? ಸರಿಯಾಗಿ ನೋಡಿದ್ಯಾ?"

"ನೋಡ್ದೆ ಮಗ. ಗೋಡೆ ತುಂಬಾ ಹಾಕಿದ್ರು." ಅತ್ತೆ ಸೂಪು ಊದಿ ಆರಿಸಿ ಅವನ ಬಾಯಿಗಿಟ್ಟರು. "ಎಲ್ಲರೂ ಎಷ್ಟು ಚೆನ್ನಾಗಿ ನಿಂತಿದೆ, ಎಷ್ಟು ಚೆನ್ನಾಗಿ ನಿಂತಿದೆ ಅಂದ್ರು. ನಾನು ಹೇಳ್ದೆ, ಇಲ್ಲ, ಅದು ಹಾರ್ತಿದೆ. ನನ್ನ ಮಗನೇ ನನಗೆ ಹೇಳಿದ್ದಾನೆ ಅಂತ."

ಪ್ಲಾಮೆನ್ ಬಾಯಲ್ಲಿದ್ದ ಸೂಪು ನುಂಗಲಿಲ್ಲ. ಗೋಡೆಯ ಕಡೆ ಹೊರಳಲು ನೋಡಿದ. ಬೆನ್ನು ಬಿಡಲಿಲ್ಲ. ಮುಖ ಎಲ್ಲಿಗೂ ತಿರುಗಿಸಲಾಗದೆ ತಾಯಿಯ ಎದುರೇ ಅವನ ಕಣ್ಣು ತುಂಬಿ ನೀರು ಕಿವಿಯವರೆಗೆ ಇಳಿಯಿತು. ಅತ್ತೆ ಇನ್ನೊಂದು ಚಮಚ ತುಂಬಿಕೊಂಡು, ಅವನು ನುಂಗಲಿ ಎಂದು ಕಾದರು.