ಒಂದೂ ದೂರಿಲ್ಲದ ಐದು ವರ್ಷ

ಕಾಲೇಜಿನಲ್ಲಿ ಅವರ ಅಸಲಿ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಹಿಂದಿನ ಬೆಂಚಿನವರಿಂದ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವರು ವೋಚರ್ ಮೇಡಂ. ಮೂರು ದಿನ ಜ್ವರ ಬಂದಿತ್ತು ಎಂದರೆ ಮಾತ್ರೆಯ ಚೀಟಿ ಎಲ್ಲಿ ಎನ್ನುವವರು, ಬಸ್ಸು ಕೆಟ್ಟಿತು ಎಂದರೆ ಟಿಕೆಟ್ ತೋರಿಸು ಎನ್ನುವವರು. ಇಪ್ಪತ್ತಮೂರು ವರ್ಷ ಅಕೌಂಟೆನ್ಸಿ ಕಲಿಸಿದ ಮೇಲೆ ಅನುಮಾನವೆಂಬುದು ಅವರಿಗೆ ಮೂಗಿನ ಮೇಲಿನ ಕನ್ನಡಕದ ಹಾಗೆ ಆಗಿಬಿಟ್ಟಿತ್ತು. ಹಾಕಿಕೊಂಡಿದ್ದೇನೆ ಎಂಬುದೇ ಮರೆತುಹೋಗಿತ್ತು.

ಕೆಲಸಕ್ಕೆ ಸೇರಿದ ವರ್ಷ, ಹಿರಿಯರೆಲ್ಲ ಬೇಡವೆಂದು ತಳ್ಳಿದ ಪಾಠವೊಂದನ್ನು ಇವರ ತಲೆಗೆ ಕಟ್ಟಿದ್ದರು: ಲಾಭಕ್ಕಾಗಿ ನಡೆಯದ ಸಂಸ್ಥೆಗಳ ಲೆಕ್ಕಪತ್ರ. ಎಂಟು ಅಂಕದ ಪಾಠ. ಓದದೇ ಬಿಟ್ಟರೂ ಪಾಸಾಗಬಹುದು. ಮೇಡಂ ಛಲಕ್ಕೆ ಬಿದ್ದು, ತರಗತಿಯಲ್ಲಿ ಪ್ರತಿಯೊಬ್ಬರೂ ಯಾವುದಾದರೊಂದು ಸೇವಾ ಸಂಸ್ಥೆಯ ವಾರ್ಷಿಕ ವರದಿ ತರಬೇಕೆಂದು ಕಟ್ಟಪ್ಪಣೆ ಮಾಡಿದರು. ಮೂವತ್ತೆರಡು ವರದಿ ಬಂದವು. ಸ್ಟಾಫ್ ರೂಮಿನ ಉದ್ದದ ಮೇಜಿನ ಮೇಲೆ ಹರಡಿಕೊಂಡು ನೋಡಿದರೆ ಎಲ್ಲದರಲ್ಲೂ ನೆರವು ಪಡೆದವರು ಹಲ್ಲು ಬಿಟ್ಟು ನಗುತ್ತಿದ್ದರು. ಮುಖ ಗಂಟಿಕ್ಕಿಕೊಂಡವರು ಒಬ್ಬರೂ ಇರಲಿಲ್ಲ. ದುಡ್ಡು ಕೊಟ್ಟವರಿಗೆ ಪುಟಗಟ್ಟಲೆ ಉತ್ತರ ಬರೆಯುವ ಸಂಸ್ಥೆ, ನೆರವು ಪಡೆದವರಿಗೆ ಏನು ಉತ್ತರ ಕೊಡುತ್ತದೆ? ಆ ಪ್ರಶ್ನೆ ಹುಳದಂತೆ ತಲೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ. ಅದೇ ಮುಂದೆ ಪಿಎಚ್‌ಡಿ ಆಯಿತು, ಆಮೇಲೆ ಆರು ಲೇಖನ ಆಯಿತು. ಓದುವವರು ಬೆರಳೆಣಿಕೆಯಷ್ಟು. ಆದರೂ ಮೇಡಂ ಬರೆಯುವುದು ಬಿಡಲಿಲ್ಲ.

ಆ ಮೊದಲ ತಂಡದಲ್ಲಿ ಎಲ್ಲರಿಗಿಂತ ದಪ್ಪದ ವರದಿ ತಂದಿದ್ದ ವಿದ್ಯಾರ್ಥಿ ಈಗ ಒಂದು ಸೇವಾ ಸಂಸ್ಥೆಯ ಕಾರ್ಯದರ್ಶಿ. ಕಿವಿ ಮಂದವಾದ ವಯಸ್ಸಾದವರಿಗೆ ಉಚಿತವಾಗಿ ಶ್ರವಣಯಂತ್ರ ಕೊಡುವ ಸಂಸ್ಥೆ ಅದು. ಅವನು ತಾನಾಗಿಯೇ ಫೋನು ಮಾಡಿ, ಐದು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಜನರಿಗೆ ಯಂತ್ರ ಕೊಟ್ಟಿದ್ದೇವೆ, ನಿಮ್ಮ ಸಂಶೋಧನೆಗೆ ನಮ್ಮ ಕಪಾಟುಗಳೆಲ್ಲ ತೆರೆದಿವೆ, ಬಂದು ನೋಡಿ ಎಂದ. ಹಳೆಯ ಶಿಷ್ಯ ಮೇಲೆ ಬಂದಿದ್ದಾನೆಂದು ಬೇರೆಯವರಾದರೆ ಹಿಗ್ಗುತ್ತಿದ್ದರು. ಇವರು ಫೋನು ಕೆಳಗಿಟ್ಟು, ನಾನು ಕೇಳದೇ ಇರುವಾಗ ಇವನು ಯಾಕೆ ಕರೆದ ಎಂದು ಯೋಚಿಸಿದರು.

ಸಂಸ್ಥೆಯ ಕಚೇರಿ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಗೋಡೆಯ ಮೇಲೆ ಕಿವಿಯ ಒಳಭಾಗದ ದೊಡ್ಡ ಚಿತ್ರ, ಗಾಜಿನ ಡಬ್ಬಿಯಲ್ಲಿ ಕಿವಿಯ ಅಚ್ಚುಗಳು. ಕೆಳಗಿನಿಂದ ಹೊಲಿಗೆ ಯಂತ್ರಗಳ ಸದ್ದು ಒಂದೇ ಸಮನೆ ಬರುತ್ತಿತ್ತು. ಕಾರ್ಯದರ್ಶಿ ಗುರುಗಳಿಗೆ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಬೇಕಾದ ಕಡತ ಕೇಳುವ ಮೊದಲೇ ಮೇಜಿಗೆ ಬಂತು. ಅದೂ ಮೇಡಂಗೆ ಸರಿ ಕಾಣಲಿಲ್ಲ.

ಮೊದಲು ದೂರಿನ ಪುಸ್ತಕ ತೆರೆದರು. ಬೆನ್ನು ಮುರಿಯದ ಪುಸ್ತಕ, ಪುಟಗಳಿಂದ ಇನ್ನೂ ಅಂಟಿನ ವಾಸನೆ. ಐದು ವರ್ಷದಲ್ಲಿ ಒಂದೇ ಒಂದು ದೂರಿಲ್ಲ. ಆಮೇಲೆ ಯಂತ್ರ ಪಡೆದವರ ಅಭಿಪ್ರಾಯ ಪತ್ರಗಳನ್ನು ನೋಡಿದರು. ಆರುನೂರ ಹನ್ನೊಂದು ಪತ್ರ, ಎಲ್ಲರಿಗೂ ಸಂತೋಷ, ಮತ್ತು ಅಷ್ಟೂ ಹೆಚ್ಚುಕಡಿಮೆ ಒಂದೇ ಕೈಬರಹ. ಇದೇಕೆ ಹೀಗೆ ಎಂದು ಕೇಳಿದ್ದಕ್ಕೆ, ವಯಸ್ಸಾದವರಿಗೆ ಕೈ ನಡುಗುತ್ತದೆ, ನಮ್ಮ ಕ್ಷೇತ್ರ ಕಾರ್ಯಕರ್ತೆ ಮನೆಮನೆಗೆ ಹೋಗಿ ಅವರು ಹೇಳಿದ್ದನ್ನು ಬರೆದುಕೊಂಡು ಸಹಿ ಹಾಕಿಸುತ್ತಾಳೆ ಎಂದ. ಒಪ್ಪುವ ಮಾತೇ. ಆದರೆ ಉತ್ತರ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿ ಕೂತಿತ್ತಲ್ಲ ಎಂದು ಮೇಡಂ ನೋಟ್ ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಅವರ ಕಣ್ಣು ನಿಜವಾಗಿ ನೆಟ್ಟಿದ್ದು ಬ್ಯಾಟರಿಯ ಪುಸ್ತಕದ ಮೇಲೆ. ಯಂತ್ರದ ಬ್ಯಾಟರಿ ಹತ್ತು ದಿನಕ್ಕೆ ಮುಗಿಯುತ್ತದೆ. ಹೊಸದನ್ನು ಸಂಸ್ಥೆಯೇ ಪುಕ್ಕಟೆ ಕೊಡುತ್ತದೆ. ಆದರೆ ಹಿಂದಿನ ವರ್ಷ ಬ್ಯಾಟರಿ ಕೇಳಿ ಬಂದವರು ಬರೀ ಎಪ್ಪತ್ತನಾಲ್ಕು ಜನ. ಉಳಿದ ಐನೂರು ಚಿಲ್ಲರೆ ಜನರ ಯಂತ್ರ ಯಾವುದರಿಂದ ಓಡುತ್ತಿದೆ? ಕಾರ್ಯದರ್ಶಿ ನೀರಿನ ಲೋಟ ಎತ್ತಿ ಎರಡು ಗುಟುಕು ಕುಡಿದು, ಅಂಗಡಿಯಲ್ಲೂ ಸಿಗುತ್ತದಲ್ಲ ಮೇಡಂ, ಅಲ್ಲೇ ತೆಗೆದುಕೊಳ್ಳುತ್ತಿರಬಹುದು ಎಂದ. ಬಿಟ್ಟಿ ಸಿಗುವುದನ್ನು ಬಿಟ್ಟು ದುಡ್ಡು ಕೊಟ್ಟು ಕೊಳ್ಳುವ ಐನೂರು ಮುದುಕರನ್ನು ಮೇಡಂ ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ಮರುದಿನದಿಂದ ತರಗತಿ ಮುಗಿಸಿಕೊಂಡು ವಿಳಾಸ ಹಿಡಿದು ಹೊರಟರು. ಮೂರು ವಾರದಲ್ಲಿ ಹದಿನಾಲ್ಕು ಮನೆ. ಕಾರ್ಯದರ್ಶಿಗೆ ಹೇಳಲಿಲ್ಲ. ಎಲ್ಲ ಕಡೆಯೂ ಬಾಗಿಲು ತೆರೆದವರು ಮೊದಲು ಕೇಳಿದ್ದು ಒಂದೇ, ನೀವು ಆಫೀಸಿನವರಾ ಎಂದು. ಆಮೇಲೆ ಒಳಗೆ ಹೋಗಿ ಯಂತ್ರ ಸಿಕ್ಕಿಸಿಕೊಂಡು ಬಂದು, ತುಂಬಾ ಚೆನ್ನಾಗಿದೆ ಎನ್ನುವರು. ನಿವೃತ್ತ ಬಡಗಿಯೊಬ್ಬರು ಎಡಗಿವಿಯದನ್ನು ಬಲಗಿವಿಗೆ ತುರುಕಿಕೊಂಡು ಬಂದು ಚೆನ್ನಾಗಿದೆ ಎಂದರು. ಒಬ್ಬ ಅಜ್ಜಿ, ರಾತ್ರಿ ನಿದ್ದೆ ಬರುತ್ತದಾ ಎಂದು ಕೇಳಿದರೂ ಚೆನ್ನಾಗಿದೆ, ಊಟ ಆಯಿತಾ ಎಂದರೂ ಚೆನ್ನಾಗಿದೆ ಎಂದರು. ಯಾರೋ ಕೂರಿಸಿಕೊಂಡು ಪಾಠ ಹೇಳಿಕೊಟ್ಟಂತಿತ್ತು. ಬಾಯಿಪಾಠದ ಉತ್ತರವನ್ನು ಗುರುತು ಹಿಡಿಯುವುದು ಉಪನ್ಯಾಸಕಿಗೆ ಯಾರೂ ಕಲಿಸಬೇಕಾಗಿಲ್ಲ. ಹೇಳಿಕೊಟ್ಟವನು ಯಾರು ಎಂಬ ವಿಷಯದಲ್ಲಿ ಅವರಿಗೆ ಸಂಶಯ ಉಳಿಯಲಿಲ್ಲ. ವರದಿಯ ಕರಡಿನಲ್ಲಿ 'ಸೃಷ್ಟಿಸಿದ ಅಭಿಪ್ರಾಯ' ಎಂಬ ಶಬ್ದವನ್ನು ಎರಡು ಸಲ ಬರೆದರು.

ನಾಲ್ಕನೇ ವಾರ ಸಂಸ್ಥೆಯ ಕಚೇರಿಯಲ್ಲಿ ಅಭಿಪ್ರಾಯ ಪತ್ರಗಳ ಇನ್ನೊಂದು ಕಟ್ಟು ತಿರುವುತ್ತಿದ್ದಾಗ ನಾನೂರ ಹದಿನೆಂಟನೇ ಪತ್ರದ ಮೇಲೆ ಅವರ ಬೆರಳು ನಿಂತಿತು. ವಿಳಾಸ ಅವರ ಮನೆಯದು, ಸಹಿ ಅವರ ಅಮ್ಮನದು. ಮೇಲೆ ಅದೇ ನೀಲಿ ಶಾಯಿಯಲ್ಲಿ: 'ಮಗಳ ಮಾತು ಸ್ಪಷ್ಟವಾಗಿ ಕೇಳುತ್ತಿದೆ. ತುಂಬಾ ಸಂತೋಷ.'

ಎರಡು ವರ್ಷದ ಹಿಂದೆ ಪಕ್ಕದ ಮನೆಯವರು ಅಮ್ಮನನ್ನು ಯಾವುದೋ ಶಿಬಿರಕ್ಕೆ ಕರೆದೊಯ್ದು ಯಂತ್ರ ಕೊಡಿಸಿದ್ದು ಮೇಡಂಗೆ ಗೊತ್ತಿತ್ತು. ಅದು ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವ ಕಾಲ, ಯಾವ ಸಂಸ್ಥೆ ಎಂದು ಅವರು ಕೇಳಿರಲಿಲ್ಲ. ಯಂತ್ರ ಕಿವಿಯಲ್ಲಿದ್ದದ್ದು ಹೆಚ್ಚೆಂದರೆ ಒಂದು ವಾರ. ಈಗಲೂ ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಅಮ್ಮನಿಗೆ ತಿಳಿಯದು, ಮಗಳು ಗಂಟಲು ಹರಿದುಕೊಂಡು ಕಿರುಚಿದರೆ ಕೆಳಗಿನ ಮಹಡಿಯವರು ಏನು ಎಂದು ಕೇಳುತ್ತಾರೆ. ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು?

ಮೇಡಂ ಪತ್ರವನ್ನು ಕಾರ್ಯದರ್ಶಿಯ ಮುಂದೆ ಇಟ್ಟರು. ಇದು ನನ್ನ ತಾಯಿಯ ಹೆಸರು, ಇದರಲ್ಲಿರುವುದು ಹಸಿ ಸುಳ್ಳು, ಇನ್ನುಳಿದ ಆರುನೂರ ಹತ್ತು ಪತ್ರ ಯಾರು ಕೂತು ಬರೆದದ್ದು ಎಂದು ಕೇಳಿದರು. ಅವನು ಪತ್ರವನ್ನು ಎರಡು ಸಲ ಓದಿ, ಮೆಲ್ಲಗೆ ಅವರ ಕಡೆಗೇ ಸರಿಸಿದ.

"ಸಹಿ ಅವರದೇ ಅಲ್ವಾ ಮೇಡಂ? ನನ್ನನ್ನ ಏನು ಬೇಕಾದ್ರೂ ಅನ್ನಿ. ಆದ್ರೆ ಮೊದ್ಲು ಮನೇಲಿ ಒಂದು ಮಾತು ಕೇಳಿ."

ಕೇಳಬೇಕಾದ ಪ್ರಶ್ನೆಯನ್ನು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುವುದು ಹೇಗೆ? ಮೇಡಂ ಸಂಜೆ ಅಮ್ಮನ ಎದುರು ಕೂತು, ಆ ಪತ್ರ ಮುಂದಿಟ್ಟು, ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು: ಇದನ್ನು ಬರೆಸಿದ್ದು ಯಾರು? ಅಮ್ಮ ಕನ್ನಡಕ ಏರಿಸಿಕೊಂಡು ಓದಿ, ಸ್ವಲ್ಪವೂ ಅಳುಕದೆ ನಾನೇ ಎಂದರು.

"ಆ ಹುಡುಗಿ ಮೂರು ಮಹಡಿ ಹತ್ತಿ ಬಂದಿದ್ಲು. ಪಾಪ, ಕೂತ್ಕೊಂಡು ಬೆವರು ಒರೆಸ್ಕೊಳ್ತಾ ಇದ್ಲು. ಹಾಕ್ಕೊಂಡ್ರೆ ಕುಯ್ಯೋ ಅನ್ನತ್ತೆ ಅಂತ ಹೇಳಿದ್ರೆ, ಹಾಗಾದ್ರೆ ಹಾಕ್ಕೊಳ್ತಾ ಇಲ್ವಾ ಅಂತ ಕೇಳ್ತಾಳೆ. ಇಲ್ಲ ಅಂದ್ರೆ ವಾಪಸ್ ತಗೊಂಡು ಹೋಗ್ತಾರೆ."

ಕೇಳಿಸದ ಯಂತ್ರ ಇದ್ದರೆಷ್ಟು ಹೋದರೆಷ್ಟು ಎಂದು ಮೇಡಂ ಬರೆದರು. ಅಮ್ಮ ಆ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

"ಪೆಟ್ಟಿಗೇಲಿ ಇದ್ರೆ ಒಂದಿನ ಸರಿಹೋದೀತು ಅಂತ ಇರತ್ತೆ. ಕೊಟ್ಟುಬಿಟ್ರೆ ನಾನು ಪೂರ್ತಿ ಕಿವುಡಿ ಅಂತ ಒಪ್ಕೊಂಡ ಹಾಗಲ್ವಾ? ನಿನಗೆ ಹೇಳೋಣ ಅಂದ್ರೆ, ಯಾವತ್ತಿಂದ ಸರಿಯಿಲ್ಲ, ಯಾಕೆ ಹೇಳ್ಲಿಲ್ಲ ಅಂತ ನೂರೆಂಟು ಪ್ರಶ್ನೆ."

ವಾಪಸ್ ಒಯ್ಯುತ್ತಾರೆ ಎಂದು ಹೇಳಿದವರು ಯಾರು ಎಂದು ಮೇಡಂ ಮತ್ತೆ ಬರೆದರು. ಅಮ್ಮ ಒಳಗೆ ಹೋಗಿ ಯಂತ್ರದ ಪೆಟ್ಟಿಗೆ ತಂದು, ಅದರೊಳಗೆ ಮಡಿಸಿಟ್ಟಿದ್ದ ಚೀಟಿ ಬಿಚ್ಚಿ ಕೊಟ್ಟರು. ಬಳಕೆಯ ಸೂಚನೆಗಳ ಕೆಳಗೆ ದಪ್ಪ ಅಕ್ಷರದಲ್ಲಿತ್ತು: 'ಬಳಸದೆ ಇಟ್ಟಿರುವ ಯಂತ್ರಗಳನ್ನು ಸಂಸ್ಥೆ ಹಿಂಪಡೆದು ಅಗತ್ಯವಿರುವವರಿಗೆ ನೀಡುತ್ತದೆ.'

ಆ ಹದಿನಾಲ್ಕು ಮನೆಯವರೂ ಆಫೀಸಿನವರಾ ಎಂದು ಯಾಕೆ ಕೇಳಿದರು ಎಂಬುದು ಮೇಡಂಗೆ ಈಗ ಹೊಳೆಯಿತು. ಯಾರೂ ಅವರಿಗೆ ಪಾಠ ಹೇಳಿಕೊಟ್ಟಿರಲಿಲ್ಲ. ಈ ಚೀಟಿಯೇ ಹೇಳಿಕೊಟ್ಟಿತ್ತು. ಆದರೂ ಮೇಡಂ ಅನುಮಾನವನ್ನು ಕೈಬಿಡಲಿಲ್ಲ, ದಿಕ್ಕು ಬದಲಿಸಿದರು ಅಷ್ಟೆ. ಇಂಥ ಸಾಲನ್ನು ಬರೆದು ಜನರ ಬಾಯಿಗೆ ಬೀಗ ಹಾಕಿದವನು ಸಾಧಾರಣದವನಲ್ಲ ಎಂದುಕೊಂಡು, ಮರುದಿನ ಚೀಟಿ ಹಿಡಿದು ಮತ್ತೆ ಆ ಮೆಟ್ಟಿಲು ಹತ್ತಿದರು.

ಕಾರ್ಯದರ್ಶಿ ಚೀಟಿ ನೋಡಿ, ಕಪಾಟಿನಿಂದ ಒಂದು ಕಡತ ತೆಗೆದು, ಅದರಲ್ಲಿದ್ದ ಜೆರಾಕ್ಸ್ ಪ್ರತಿಯ ಹನ್ನೊಂದನೇ ಪುಟ ಬಿಚ್ಚಿ ಮುಂದಿಟ್ಟ. ಪುಟದಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದಿತ್ತು. ಏಳನೇ ಶಿಫಾರಸು: ಸೇವಾ ಸಂಸ್ಥೆಗಳು ತಾವು ಕೊಟ್ಟ ಸಾಧನಗಳಲ್ಲಿ ಬಳಕೆಯಾಗದವನ್ನು ಹಿಂಪಡೆದು ಮರುಹಂಚಿಕೆ ಮಾಡಬೇಕು. ಲೇಖನ ಬರೆದವರು ವೋಚರ್ ಮೇಡಂ.

"ಆ ಸಾಲು ನಿಮ್ಮದು ಓದಿಯೇ ಹಾಕ್ಸಿದ್ದು. ನಿಮ್ಮ ಒಂದೂ ಲೇಖನ ಬಿಟ್ಟಿಲ್ಲ ನಾನು."

ಕೆಳಗೆ ಹೊಲಿಗೆ ಯಂತ್ರಗಳು ಓಡುತ್ತಲೇ ಇದ್ದವು. ಮೇಡಂ ತಮ್ಮದೇ ವಾಕ್ಯವನ್ನು ಬೇರೆಯವರದೆಂಬಂತೆ ಮೂರು ಸಲ ಓದಿದರು. ಬರೆದಾಗ ಅದು ಬಹಳ ಅಚ್ಚುಕಟ್ಟಾದ ವಾಕ್ಯ ಅನ್ನಿಸಿತ್ತು. ಅದನ್ನು ಬರೆಯುವ ಮುನ್ನ ಒಬ್ಬ ಕಿವಿ ಕೇಳದವರನ್ನೂ ಅವರು ಮಾತಾಡಿಸಿರಲಿಲ್ಲ. ಮನೆಯಲ್ಲೇ ಒಬ್ಬರಿದ್ದರು. ಆಮೇಲೆ ತಲೆ ಎತ್ತಿ ಕೇಳಿದರು.

"ಬ್ಯಾಟರಿ ಪುಸ್ತಕ ಪ್ರತಿ ತಿಂಗಳು ಸಹಿ ಮಾಡ್ತೀಯಲ್ಲ. ಜನ ಯಂತ್ರ ಹಾಕ್ಕೊಳ್ತಾ ಇಲ್ಲ ಅಂತ ನಿನಗೆ ಗೊತ್ತಿತ್ತಾ?"

ಅವನು ಕಿಟಕಿಯ ಕಡೆ ನೋಡಿದ.

"ಗೊತ್ತು ಮಾಡ್ಕೊಳ್ಳೋಕೆ ಹೋಗ್ಲಿಲ್ಲ ಮೇಡಂ."

ಅದು ತಪ್ಪೊಪ್ಪಿಗೆಯೋ, ತಪ್ಪಿಸಿಕೊಳ್ಳುವ ಜಾಣತನವೋ ಮೇಡಂಗೆ ಆವತ್ತು ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಇವನು ನನ್ನನ್ನು ಕರೆದದ್ದೇ ಯಾರಾದರೂ ಇದನ್ನು ಹೊರಗೆ ಹೇಳಲಿ ಎಂದೋ, ಅಥವಾ ಸಿಕ್ಕಿಬಿದ್ದರೆ ತೋರಿಸಲು ಹನ್ನೊಂದನೇ ಪುಟ ಇದೆಯಲ್ಲ ಎಂಬ ಧೈರ್ಯದಿಂದಲೋ? ಎರಡೂ ಅವರಿಗೆ ಸಮವಾಗಿಯೇ ನಿಜ ಅನ್ನಿಸಿತು.

ವರದಿಯನ್ನು ಮತ್ತೆ ಮೊದಲಿಂದ ಬರೆದರು. 'ಸೃಷ್ಟಿಸಿದ ಅಭಿಪ್ರಾಯ' ಎಂಬುದನ್ನು ಹೊಡೆದುಹಾಕಿದರು. ಬ್ಯಾಟರಿಯ ಸಂಖ್ಯೆಯನ್ನು ಉಳಿಸಿಕೊಂಡರು, ಕಾರ್ಯದರ್ಶಿ ಅದನ್ನು ನೋಡಿಯೂ ವಿಚಾರಿಸಲಿಲ್ಲ ಎಂಬುದನ್ನೂ ಬರೆದರು. ನಾನೂರ ಹದಿನೆಂಟನೇ ಪತ್ರ ತಮ್ಮ ತಾಯಿಯದು, ಏಳನೇ ಶಿಫಾರಸು ತಮ್ಮದು, ಆ ಶಿಫಾರಸು ತಪ್ಪು ಎಂದು ಮೊದಲ ಪುಟದಲ್ಲೇ ಹಾಕಿದರು. ವಿಭಾಗದ ಮುಖ್ಯಸ್ಥರು ಓದಿ, ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವ ಸಂಶೋಧನೆ ಇದು, ಬಡ್ತಿಗೆ ಅರ್ಜಿ ಹಾಕಿರುವಾಗ ಬೇಕಿತ್ತಾ ಎಂದು ಮೂಗು ಮುರಿದರು. ಆ ಸಲ ಬಡ್ತಿ ಬರಲಿಲ್ಲ. ಇದೇ ಕಾರಣವೋ ಎಂದು ಮೇಡಂ ಕೇಳಲಿಲ್ಲ, ಆದರೆ ಮುಖ್ಯಸ್ಥರು ಎದುರಾದಾಗಲೆಲ್ಲ ಅವರ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡುತ್ತಿದ್ದರು.

ಸಂಸ್ಥೆಯ ಆಡಳಿತ ಮಂಡಳಿ ಚೀಟಿಯಿಂದ ಆ ಸಾಲನ್ನು ತೆಗೆಸಿತು. ಕ್ಷೇತ್ರ ಕಾರ್ಯಕರ್ತೆ ಮತ್ತೆ ಎಲ್ಲರ ಮನೆಗೂ ಹೋಗಿ, ಯಂತ್ರ ನಿಮ್ಮದೇ, ಯಾರೂ ಒಯ್ಯುವುದಿಲ್ಲ, ಈಗ ಹೇಳಿ ಎಂದಳು. ಮೊದಲ ತಿಂಗಳಲ್ಲೇ ನೂರ ಮೂವತ್ತು ದೂರು ಬಂದವು. ಶಿಳ್ಳೆ ಹೊಡೆಯುತ್ತದೆ, ಕಿವಿ ನೋಯುತ್ತದೆ, ಬ್ಯಾಟರಿ ಹಾಕುವ ಬಾಗಿಲು ಕಣ್ಣಿಗೇ ಕಾಣುವುದಿಲ್ಲ. ಇಷ್ಟು ದೂರು ತಂದ ಕಾರ್ಯದರ್ಶಿಯನ್ನು ಬದಲಿಸೋಣವೆಂದು ಮಂಡಳಿಯಲ್ಲಿ ಮಾತು ಬಂದಾಗ ಮೇಡಂ ಹೋಗಿ, ಒಂದೂ ದೂರಿಲ್ಲದ ಐದು ವರ್ಷ ಇವನನ್ನು ಇಟ್ಟುಕೊಂಡಿದ್ದಿರಿ, ಈಗ ಕೆಲಸ ಶುರುವಾದ ಮೇಲೆ ತೆಗೆಯುತ್ತೀರಾ ಎಂದು ಕೇಳಿದರು. ಅವನು ಉಳಿದ. ಮೇಡಂಗೆ ಒಂದು ಸಾಲಿನ ಧನ್ಯವಾದ ಕಳಿಸಿದ. ಅದರಾಚೆ ಫೋನು ಮಾಡಲಿಲ್ಲ.

ಯಂತ್ರ ಸರಿಪಡಿಸಿಕೊಳ್ಳಲು ಅಮ್ಮನ ಸರದಿ ಎರಡು ತಿಂಗಳ ಮೇಲೆ ಬಂತು. ಬೆಳಿಗ್ಗೆ ಹನ್ನೊಂದಕ್ಕೆ, ಗೋಡೆಗೆಲ್ಲ ಸ್ಪಂಜು ಹೊಡೆದ ಪುಟ್ಟ ಕೋಣೆಯಲ್ಲಿ, ತಂತ್ರಜ್ಞೆ ಹೊಸ ಅಚ್ಚು ಕೂರಿಸಿ ಯಂತ್ರದ ತಿರುಪು ತಿರುಗಿಸಿ ಹೇಗಿದೆ ಎಂದಳು. ಅಮ್ಮ ಮಗಳ ಮುಖ ನೋಡಿ, ತಂತ್ರಜ್ಞೆಯ ಮುಖ ನೋಡಿ, ಸರಿಯಿಲ್ಲ, ಕೀರಲು ಎಂದರು. ಇನ್ನೊಮ್ಮೆ ತಿರುಗಿಸಿದಳು. ಈಗ ಬಾವಿಯೊಳಗೆ ಕೂತ ಹಾಗಿದೆ ಎಂದರು. ಮೂರನೇ ಸಲಕ್ಕೆ ತಂತ್ರಜ್ಞೆ ಗಡಿಯಾರ ನೋಡಿದಳು. ಅಮ್ಮ ಅದನ್ನು ಕಂಡರೂ ಇಲ್ಲ ಎಂದು ತಲೆ ಅಲ್ಲಾಡಿಸಿದರು. ಐದನೇ ಸಲಕ್ಕೆ ಈಗ ಪರವಾಗಿಲ್ಲ ಎಂದರು.

ಮೇಡಂಗೆ ನಂಬಿಕೆ ಬರಲಿಲ್ಲ. ಪಾಪ, ಆ ಹುಡುಗಿಗೆ ಸಾಕಾಗಿದೆ ಎಂದು ಹೇಳಿದ್ದಿರಬಹುದು. ಎದ್ದು ಅಮ್ಮನ ಬೆನ್ನ ಹಿಂದೆ ಹೋಗಿ ನಿಂತು, ತುಟಿ ಕಾಣದಂತೆ, ತಗ್ಗಿದ ದನಿಯಲ್ಲಿ ಕೇಳಿದರು.

"ನಿಜ ಹೇಳ್ತಿದ್ದೀಯಾ?"

ಅಮ್ಮ ತಿರುಗಲಿಲ್ಲ. ಕೈಚೀಲದ ಜಿಪ್ಪು ಎಳೆಯುತ್ತಾ ಹೇಳಿದರು.

"ನಿಜಾನೇ. ನೀನು ಮುಂದೆ ಬಂದು ಮಾತಾಡು."